ಬೆನ್ನ ಮೇಲೆ ಮದುಮಗಳು, ಹಿಂದೆ ಎರಡು ತೋಳ

“ಜೂನ್‌ನಲ್ಲಿ ಹಿಮ ಕರಗ್ಲಿ. ನಿನ್ನನ್ನ ಕತ್ತು ದಾಟಿಸಿ, ನಿಮ್ಮಪ್ಪನ ಮನೆ ಬಾಗಿಲವರೆಗೆ ನಾನೇ ಮುಂದೆ ನಡೆದು ಕರ್ಕೊಂಡು ಹೋಗ್ತೀನಿ. ಬೆಸಾ,” ಎಂದು ಲುಲಾಷ್ ನನಗೆ ಮಾತು ಕೊಟ್ಟದ್ದು ನಮ್ಮ ಮದುವೆಯ ದಿನ, ಬಾಡಿಗೆ ವ್ಯಾನಿನ ಹಿಂದಿನ ಸೀಟಿನಲ್ಲಿ, ನಾನು ಪ್ಲಾಸ್ಟಿಕ್ ಚೀಲದೊಳಗೆ ವಾಂತಿ ಮಾಡಿಕೊಳ್ಳುತ್ತಿದ್ದಾಗ.

ಹತ್ತೊಂಬತ್ತು ವರ್ಷದ ಹಿಂದಿನ ನವೆಂಬರ್ ಅದು. ನನ್ನ ತವರು ವಾಲ್ಬೋನ, ಗಂಡನ ಮನೆ ಥೆಥ್. ನಡುವೆ ಇರುವುದು ಒಂದೇ ಬೆಟ್ಟಸಾಲು. ಆ ಸಾಲಿನಲ್ಲಿ ಒಂದು ತಗ್ಗಿದೆ, ಅದಕ್ಕೆ ನಾವು ಕತ್ತು ಅನ್ನುತ್ತೇವೆ. ಕತ್ತು ದಾಟಿ ನಡೆದರೆ ಎಂಟು ತಾಸಿನ ದಾರಿ. ಆ ವರ್ಷ ಹಿಮ ಬೇಗ ಬಿದ್ದಿತ್ತು. ಹಾಗಾಗಿ ಮದುಮಗಳನ್ನು ವ್ಯಾನಿಗೆ ಹಾಕಿ, ವ್ಯಾನನ್ನು ದೋಣಿಗೆ ಹಾಕಿ, ಸರೋವರ ದಾಟಿಸಿ, ಶ್ಕೋದ್ರ ಪೇಟೆಯನ್ನು ಸುತ್ತಿಸಿ, ಚಕ್ರಕ್ಕೆ ಸರಪಳಿ ಬಿಗಿದು ಇನ್ನೊಂದು ಕಡೆಯಿಂದ ಬೆಟ್ಟ ಹತ್ತಿಸಿದರು. ಒಂದೂವರೆ ದಿನ ಹಿಡಿಯಿತು. ಗಂಡನ ಮನೆ ಮುಂದೆ ಇಳಿದಾಗ ನಾನು ಮದುಮಗಳ ಹಾಗೆ ಕಾಣುತ್ತಿರಲಿಲ್ಲ, ಹಿಂಡಿ ಒಣಗಿಸಲು ಮರೆತ ಬಟ್ಟೆಯ ಹಾಗಿದ್ದೆ.

ಬೆಸಾ ಅಂದರೆ ಕೊಟ್ಟ ಮಾತು. ಕೊಟ್ಟ ಮೇಲೆ ಮುಗಿಯಿತು. ಬೆಸಾ ಕೊಟ್ಟು ತಪ್ಪಿದ ಗಂಡಸಿಗೆ ನಮ್ಮ ಕಡೆ ಬೈಯುವುದಿಲ್ಲ, ಹೊಡೆಯುವುದಿಲ್ಲ. ನಾಲ್ಕು ಜನರ ನಡುವೆ ಕೂರಿಸಿ, ಎಲ್ಲರಿಗೂ ಕೈಯಿಂದ ಕಾಫಿ ಕೊಟ್ಟು, ಅವನಿಗೆ ಮಾತ್ರ ಮೊಣಕಾಲು ಎತ್ತಿ ಅದರ ಕೆಳಗಿಂದ ಬಟ್ಟಲು ದಾಟಿಸುತ್ತಾರೆ. ಅಷ್ಟೇ. ಅದಕ್ಕಿಂತ ಹೊಡೆತ ತಿನ್ನುವುದು ಮೇಲು.

ಮೊದಲ ಜೂನಿಗೆ ನನ್ನ ಹೊಟ್ಟೆ ನನಗಿಂತ ಒಂದು ಗಜ ಮುಂದೆ ನಡೆಯುತ್ತಿತ್ತು. ಎರಡನೆಯದಕ್ಕೆ ಹಸು ಕರು ಹಾಕಿತು. ಮೂರನೆಯದಕ್ಕೆ ಮತ್ತೆ ನಾನು. ಐದನೆಯದಕ್ಕೆ ಅತ್ತೆ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಳು. ಆರನೆಯದಕ್ಕೆ ಮೂರನೇ ಮಗು, ಅದೂ ಉಲ್ಟಾ. ಎಂಟನೆಯ ಜೂನಿಗೆ ಪ್ರವಾಸಿಗರು ಬಂದರು. ಹೆರಿಗೆಗಾದರೆ ಒಂದು ಕೊನೆ ಇರುತ್ತದೆ, ಪ್ರವಾಸಿಗರಿಗೆ ಇಲ್ಲ.

ಅಲ್ಲಿಯವರೆಗೆ ಲುಲಾಷ್ ಆಲೂಗಡ್ಡೆ ಬೆಳೆಯುತ್ತಿದ್ದ, ಸೌದೆ ಸೀಳುತ್ತಿದ್ದ, ಉಳಿದ ಹೊತ್ತು ಬೇಲಿಗೊರಗಿ ಅಭಿಪ್ರಾಯ ಹೇಳುತ್ತಿದ್ದ. ಒಂದು ದಿನ ಯಾರೋ ಜರ್ಮನ್ ಬಂದು ಕತ್ತಿಗೆ ದಾರಿ ಯಾವುದು ಅಂತ ಕೇಳಿದ. ಕೈ ತೋರಿಸಿ ಕಳಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ. ಇವನು ಮುಂದೆ ನಡೆದ. ಜರ್ಮನ್ ಖುಷಿಪಟ್ಟು ಇನ್ನಿಬ್ಬರಿಗೆ ಹೇಳಿದ. ಅವರು ನಾಲ್ವರಿಗೆ ಹೇಳಿದರು. ಹೀಗೆ ನನ್ನ ಗಂಡ ಗೈಡ್ ಆದ, ನಾನು ಹದಿನಾಲ್ಕು ಹಾಸಿಗೆಯ ಮನೆಗೆ ಅಡುಗೆಯವಳಾದೆ.

ಬೆಳಗ್ಗೆ ಆರಕ್ಕೆ ಜನರನ್ನು ಹೊರಡಿಸಿಕೊಂಡು ಕತ್ತು ದಾಟಿಸುತ್ತಾನೆ. ಸಂಜೆ ನನ್ನ ಅಣ್ಣ ಮಾರಾಷ್‌ನ ಮನೆಯಲ್ಲಿ ಅಣ್ಣ ಭಟ್ಟಿ ಇಳಿಸಿದ ರಾಕಿ ಕುಡಿದು, ನನ್ನಮ್ಮ ಹೊಲಿದ ರಜಾಯಿ ಹೊದ್ದು ಮಲಗಿ, ಮರುದಿನ ವಾಪಸು ಬಂದು, “ನಿಮ್ಮಮ್ಮ ಕೇಳಿದ್ಲು ಅಂತ ಹೇಳು ಅಂದ್ಲು,” ಅನ್ನುತ್ತಾನೆ. ಅಣ್ಣ ಹೊಸ ಬಚ್ಚಲುಮನೆ ಕಟ್ಟಿಸಿದ್ದಾನೆ. ಅದನ್ನು ಅರ್ಧ ಯುರೋಪು ನೋಡಿಯಾಗಿದೆ, ನಾನು ನೋಡಿಲ್ಲ. ರಸ್ತೆ ಸುತ್ತಿ ನಾನು ತವರಿಗೆ ಹೋದದ್ದು ಎರಡು ಸಲ: ಅಪ್ಪ ಸತ್ತಾಗ, ಅಣ್ಣನ ಮದುವೆಯಾದಾಗ. ಎರಡೂ ಸಲ ವಾಂತಿ.

ಕತ್ತಿನ ದಾರಿಗೆ ಕಲ್ಲು ಕಲ್ಲಿಗೂ ಕೆಂಪು ಬಿಳಿ ಪಟ್ಟೆ ಬಳಿದಿದ್ದಾರೆ, ಕುರುಡನೂ ಹೋಗಬಹುದು, ನೀನೊಬ್ಬಳೇ ಹೋಗಿಬಿಡಬಾರದಿತ್ತಾ ಅಂತ ನನ್ನ ಮಗಳು ವಿತೋರೆ ಕೇಳುತ್ತಾಳೆ. ಶ್ಕೋದ್ರದಲ್ಲಿ ಓದುತ್ತಿರುವವಳು, ಹಾಗೆಲ್ಲ ಕೇಳುತ್ತಾಳೆ. ಹೋಗಬಹುದಿತ್ತು. ಆದರೆ ನಾನೇ ಹೋಗಿಬಿಟ್ಟರೆ ಲುಲಾಷ್ ಮಾತಿನಿಂದ ಬಿಡುಗಡೆಯಾಗಿ ಹಾಯಾಗಿರುತ್ತಾನೆ. ಹತ್ತೊಂಬತ್ತು ವರ್ಷ ಕಾಯಿಸಿದವನನ್ನು ಅಷ್ಟು ಸುಲಭಕ್ಕೆ ಬಿಡಲು ನಾನೇನು ಚರ್ಚಿನ ಗೋಡೆಯ ಮೇಲಿನ ಸಂತಳೇ?

ಈ ವರ್ಷ ಮಾತ್ರ ಮುಂದೂಡುವಂತಿರಲಿಲ್ಲ. ನನ್ನ ಎಡ ಮಂಡಿ ಹೋಗಿದೆ. ಶ್ಕೋದ್ರದ ಡಾಕ್ಟರು ನವೆಂಬರಿಗೆ ಆಪರೇಷನ್ ಬರೆದುಕೊಟ್ಟು, ಆಮೇಲೆ ಬೆಟ್ಟಗಿಟ್ಟ ಮರೆತುಬಿಡು ತಾಯಿ ಅಂದಿದ್ದರು. ಲುಲಾಷ್ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದ. “ಸೆಪ್ಟೆಂಬರ್ ಇಪ್ಪತ್ತಕ್ಕೆ ಕೊನೇ ಗುಂಪು ಹೋಗುತ್ತೆ. ಇಪ್ಪತ್ತೊಂದಕ್ಕೆ ನಾವಿಬ್ರೇ,” ಅಂತ ತಾನಾಗಿ ಹೇಳಿದ್ದ.

ಇಪ್ಪತ್ತನೇ ತಾರೀಕು ಮಧ್ಯಾಹ್ನ ನನ್ನ ಚೀಲ ಸಿದ್ಧವಾಗಿತ್ತು. ಅಮ್ಮನಿಗೆ ಪ್ಲಮ್ ಹಣ್ಣಿನ ಜಾಮ್, ಅಣ್ಣನಿಗೆ ಮೂರು ಜೊತೆ ಉಣ್ಣೆ ಕಾಲುಚೀಲ. ಲುಲಾಷ್ ಮಹಡಿಯ ಕಿಟಕಿಗಳನ್ನು ಚಳಿಗಾಲಕ್ಕೆ ಮುಚ್ಚುತ್ತಿದ್ದ. ಅಷ್ಟರಲ್ಲಿ ಗೇಟು ಕಿರ್ ಅಂದಿತು. ಬೆವರಿ ಕೆಂಪಾದ ಗಂಡ ಹೆಂಡತಿ, ಬೆನ್ನ ಮೇಲೆ ತಮ್ಮಷ್ಟೇ ಎತ್ತರದ ಚೀಲ. ಆಸ್ಟ್ರಿಯಾದ ಗ್ರಾಜ್ ಊರಿನವರು, ಎಗೋನ್ ಮತ್ತು ಹೈಕೆ. ಎಗೋನ್ ಹಲ್ಲಿನ ಡಾಕ್ಟರ್.

“ಮೊದಲೇ ತಿಳಿಸಿಲ್ಲ. ಹಾಸಿಗೆ ಇದೆಯಾ?” ಎಂದರು.

ಲುಲಾಷ್ ಮಹಡಿಯಿಂದ ಇಳಿದು ಬಂದು ನನ್ನನ್ನು ನೋಡಿದ. ಇಲ್ಲ ಅನ್ನು ಎಂದು ನಾನು ಕಣ್ಣಿನಲ್ಲೇ ಹೇಳಿದೆ. ಇಲ್ಲ ಅನ್ನಲಿಕ್ಕೇ ಬಾಯಿ ತೆರೆದ, ದೇವರಾಣೆಗೂ ನಾನು ನೋಡಿದೆ. ಹೊರಬಿದ್ದದ್ದು, “ಬನ್ನಿ ಬನ್ನಿ, ಇದು ನಿಮ್ಮದೇ ಮನೆ.”

ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ.

“ನಿನ್ನ ನಾಲಿಗೆಗೆ ಇಲ್ಲ ಅನ್ನೋದು ಹೊರಳೋದೇ ಇಲ್ವಾ?”

“ಬಾಗಿಲಿಗೆ ಬಂದವರನ್ನ ಹೇಗೆ ಕಳಿಸ್ಲಿ ಮಾರಾಯ್ತಿ? ನಮ್ಮಜ್ಜ ತನ್ನ ಅಣ್ಣನ್ನ ಕೊಂದವನು ಬಂದ್ರೂ ಊಟ ಹಾಕಿದ್ದ.”

“ನಿಮ್ಮಜ್ಜ ಎಲ್ಲಿ ಹಾಕಿದ್ದು? ಹಾಕಿದ್ದು ನಿಮ್ಮಜ್ಜಿ. ನಿಮ್ಮಜ್ಜ ಎದುರಿಗೆ ಕೂತು ಮೀಸೆ ತಿರುವಿದ್ದು.”

“ಮೂರು ದಿನ ಇರ್ತಾರಂತೆ ಅಷ್ಟೇ. ಜಲಪಾತ ನೋಡ್ಬೇಕಂತೆ. ಇಪ್ಪತ್ನಾಲ್ಕಕ್ಕೆ ಹೋಗೋಣ.”

“ಇಪ್ಪತ್ಮೂರಕ್ಕೆ ಹಿಮ ಅಂತ ರೇಡಿಯೋದಲ್ಲಿ ಬಡ್ಕೋತಿದ್ದಾರೆ.”

“ಹಾಗಾದ್ರೆ ಬರೋ ವರ್ಷ...” ಎಂದವನು ಅಲ್ಲಿಗೇ ನುಂಗಿಕೊಂಡ. ತಾನು ಏನಂದೆ ಅಂತ ಅವನಿಗೂ ಗೊತ್ತಾಯಿತು. ಆದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತಟ್ಟೆಯಲ್ಲಿ ಚೀಸು ಜೋಡಿಸಿಕೊಂಡು ಅತಿಥಿಗಳ ಕಡೆ ಹೋದ.

ನಾನು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದೆ. ಒಲೆಯ ಮೇಲೆ ಹುರುಳಿಕಾಯಿ ಕುದಿಯುತ್ತಿತ್ತು, ಕುದಿಯಲಿ ಅಂದೆ. ನನ್ನ ಚೀಲ ಹೆಗಲಿಗೇರಿಸಿ, ಯಾರೋ ಪ್ರವಾಸಿ ಮರೆತುಹೋದ ಊರುಗೋಲು ಹಿಡಿದು, ಹಿಂಬಾಗಿಲಿಂದ ಹೊರಟು, ಆಲೂಗಡ್ಡೆ ಹೊಲ ಬಳಸಿ, ಮುಂದಿನ ಗೇಟಿನ ಹೊರಗೆ ಬಂದು ನಿಂತೆ.

ಅಂಗಳದಲ್ಲಿ ಪ್ಲಮ್ ಮರದ ಕೆಳಗೆ ಅತ್ತೆ ಕೂತಿದ್ದಳು. ಅವಳೆದುರು ನೆರೆಮನೆಯ ಗೇತೊ ಮಾವ, ಎಂಬತ್ತೆರಡು ವರ್ಷ, ಊರಲ್ಲಿ ಹಿರಿಯರ ಕಟ್ಟಳೆ ಬಾಯಿಪಾಠ ಇರುವ ಕೊನೆಯ ಮನುಷ್ಯ. ಆ ಕಟ್ಟಳೆಯನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಅವನು ಅದನ್ನು ನಮ್ಮ ರಾಕಿಗೆ ಹೇಳಿಕೊಳ್ಳುತ್ತಾನೆ.

ನಾನು ಗಂಟಲೆತ್ತಿ ಕೂಗಿದೆ, ಹಳೇ ಕಾಲದಲ್ಲಿ ದಾರಿಹೋಕರು ಕೂಗುತ್ತಿದ್ದ ಹಾಗೆ: “ಓ ಮನೆ ಯಜಮಾನಾ! ಅತಿಥಿಗಳನ್ನ ಒಳಗೆ ಕರ್ಕೊಳ್ತೀಯಾ?”

ಲುಲಾಷ್ ಕಿಟಕಿಯಿಂದ ತಲೆ ಹಾಕಿದ. “ಏನೇ ದ್ರಾಂದೆ ಇದು ಹುಚ್ಚಾಟ? ಒಳಗೆ ಬಾ, ಒಲೆ ಮೇಲೆ ಏನೋ ಸೀಯ್ತಿದೆ.”

“ನಿಮ್ಮನೆ ಒಲೆ ವಿಷಯ ನಂಗೆ ಹೇಗೆ ಗೊತ್ತಪ್ಪಾ? ನಾನು ದಾರಿ ಹೋಕಳು. ಕರ್ಕೊಳ್ತೀಯೋ ಇಲ್ವೋ?”

ಗೇತೊ ಮಾವ ಗ್ಲಾಸು ಕೆಳಗಿಟ್ಟ. ಇಪ್ಪತ್ತು ವರ್ಷದಿಂದ ಕೆಲಸವಿಲ್ಲದೆ ಕೂತವನಿಗೆ ಕರೆ ಬಂದಿತ್ತು. “ಲುಲಾಷ್, ಎರಡು ಸಲ ಕೇಳಿಯಾಯ್ತು. ಮೂರನೇ ಸಲ ಕೇಳೋವರೆಗೂ ನಿಲ್ಲಿಸಿದ್ರೆ ಊರಿಗೇ ಅವಮಾನ ಕಣೋ.”

“ಅವಳು ನನ್ನ ಹೆಂಡ್ತಿ ಮಾವಾ!”

“ಅದು ನಿನ್ನ ಹಣೆಬರಹ. ಬಾಗಿಲಿಗೆ ಬಂದು ಕೇಳಿದವರು ಅತಿಥಿ ಅಂತ ಕಟ್ಟಳೇಲಿದೆ. ಹೆಂಡ್ತಿ ಕೇಳಿದ್ರೆ ಅಲ್ಲ ಅಂತ ಎಲ್ಲೂ ಇಲ್ಲ.”

“ಹೆಂಡ್ತಿ ಗೇಟಲ್ಲಿ ನಿಂತು ಹೀಗೆ ಕೂಗ್ತಾಳೆ ಅಂತ ಹಿರಿಯರಿಗೆ ಹೊಳೀಲಿಲ್ಲ, ಅದಕ್ಕೆ ಇಲ್ಲ!”

“ಅದು ಹಿರಿಯರ ತಪ್ಪು. ನಿನ್ನ ಉತ್ತರ ಕೊಡು.”

ಅತ್ತೆ ಕತ್ತು ಹೊರಳಿಸಿದಳು. ನಮ್ಮಲ್ಲಿ ಸೊಸೆಯನ್ನು ಸಾಯುವವರೆಗೂ ಮದುಮಗಳೇ ಅಂತಲೇ ಕರೆಯುವುದು, ನಲವತ್ತೈದು ವರ್ಷವಾಗಿ ಮಂಡಿ ಸವೆದಿದ್ದರೂ. “ಏ ಮದುಮಗಳೇ, ನನ್ನ ಹುರುಳಿಕಾಯಿ ಯಾರು ನೋಡ್ತಾರೆ?”

“ಯಜಮಾನ್ರನ್ನ ಕೇಳಿ ಅಜ್ಜೀ. ನಾನು ಹೊಸಬಳು.”

ಅತ್ತೆ ಒಂದು ಗಳಿಗೆ ನನ್ನನ್ನು ದಿಟ್ಟಿಸಿದಳು. ಆಮೇಲೆ ಇದ್ದ ಮೂರೂ ಹಲ್ಲು ತೋರಿಸಿ ನಕ್ಕಳು. ಕಿಟಕಿಯೊಳಗಿಂದ ನೋಡುತ್ತಿದ್ದ ಹಲ್ಲಿನ ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದುಬಿಟ್ಟ.

“ಬಾ,” ಎಂದ ಲುಲಾಷ್, ಮುಖ ಬೀಟ್‌ರೂಟಿನ ಹಾಗೆ. “ಇದು... ನಿಮ್ಮದೇ ಮನೆ.”

ಒಲೆಯ ಬಲಗಡೆ, ಅತಿಥಿಗೆ ಮೀಸಲಾದ ಮೇಲಿನ ಜಾಗದಲ್ಲಿ ನನ್ನನ್ನು ಕೂರಿಸಿದರು. ಹತ್ತೊಂಬತ್ತು ವರ್ಷದಲ್ಲಿ ಆ ಜಾಗವನ್ನು ನಾನು ಗುಡಿಸಿದ್ದೆ, ಕೂತಿರಲಿಲ್ಲ. ಲುಲಾಷ್ ಕಾಫಿ ಮಾಡಲು ಹೋದ. ಡಬ್ಬಿಗಳು ತೆರೆದು ಮುಚ್ಚುವ ಸದ್ದು ಬಹಳ ಹೊತ್ತು ಕೇಳಿಸಿತು. “ಸಕ್ಕರೆ ಎಲ್ಲಿ?” ಅಂತ ಗೋಡೆಗೆ ಕೇಳಿದ. ಗೋಡೆಗೂ ಗೊತ್ತಿರಲಿಲ್ಲ. ಸಕ್ಕರೆಯಿಲ್ಲದ ಕಾಫಿ ಬಂತು. ಅತಿಥಿಗಳು ಹೇಳುವ ಹಾಗೆ ನಾನೂ ತುಂಬ ಚೆನ್ನಾಗಿದೆ ಅಂದೆ. ಹುರುಳಿಕಾಯಿ ಒಂದು ಕಡೆ ಹಸಿ, ಒಂದು ಕಡೆ ಇದ್ದಲು. ಅದೂ ಚೆನ್ನಾಗಿದೆ ಅಂದೆ. ಎಗೋನ್ ಮತ್ತು ಹೈಕೆ ಇದೆಲ್ಲ ಊರಿನ ಕಾರ್ಯಕ್ರಮ ಅಂದುಕೊಂಡು ವಿಡಿಯೋ ಮಾಡಿದರು.

ಊಟವಾದ ಮೇಲೆ ಪದ್ಧತಿ ಪ್ರಕಾರ ಯಜಮಾನ ಕೇಳಬೇಕು. ಹಲ್ಲು ಕಚ್ಚಿಕೊಂಡು ಕೇಳಿದ: “ಎಲ್ಲಿಗೆ ಪಯಣ?”

“ಕತ್ತಿನಾಚೆ. ವಾಲ್ಬೋನದಲ್ಲಿ ಮಾರಾಷ್ ಅನ್ನೋರ ಮನೆ ಬಾಗಿಲಿಗೆ. ನಾಳೆ ಬೆಳಗ್ಗೆ. ದಾರಿ ಗೊತ್ತಿಲ್ಲ, ಬಿಟ್ಟು ಬರ್ತೀಯಾ?”

ಲುಲಾಷ್ ಊಟಕ್ಕೆ ಉಳಿದಿದ್ದ ಗೇತೊ ಮಾವನ ಕಡೆ ನೋಡಿದ. ಗೇತೊ ಮಾವ ಗ್ಲಾಸಿನಲ್ಲಿದ್ದದ್ದನ್ನು ಕುಡಿದು ಮುಗಿಸಿದ. ತನ್ನ ಮೊಣಕಾಲನ್ನು ಎರಡೂ ಕೈಯಿಂದ ಎತ್ತಿ, ಅದರ ಕೆಳಗಿಂದ ಖಾಲಿ ಗ್ಲಾಸನ್ನು ಈಚೆಯಿಂದ ಆಚೆಗೆ ಮೆಲ್ಲಗೆ ದಾಟಿಸಿದ.

“ಆರು ಗಂಟೆಗೆ ಹೊರಡೋಣ,” ಎಂದ ನನ್ನ ಗಂಡ.

ಇದು ಕಿವಿಗೆ ಬಿದ್ದದ್ದೇ ಗ್ರಾಜ್‌ನವರು ಜಲಪಾತ ಬೇಡ, ನಾವೂ ಬರುತ್ತೇವೆ ಅಂದರು. ಹೈಕೆ ನನ್ನ ಎರಡೂ ಕೈ ಹಿಡಿದುಕೊಂಡಳು, ಅವಳ ಕಣ್ಣು ತುಂಬಿತ್ತು. ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಅತಿಥಿಗಳು ನನ್ನನ್ನು ನೋಡುವ ರೀತಿಯೇ ಹಾಗೆ. ಒಬ್ಬ ಫ್ರೆಂಚ್ ಹೆಂಗಸು ಸೌತೆಕಾಯಿ ಹೆಚ್ಚುತ್ತಿದ್ದ ನನ್ನನ್ನು ತಬ್ಬಿ ಅತ್ತಿದ್ದಳು. ಸುಸ್ತಾದ ಹೆಂಗಸನ್ನು ಕಂಡರೆ ಇವರಿಗೆ ಕನಿಕರ ಜಾಸ್ತಿ ಅಂತ ನಾನು ಹನ್ನೊಂದು ವರ್ಷ ತಿಳಿದುಕೊಂಡಿದ್ದೆ.

ಬೆಳಗ್ಗೆ ಆರಕ್ಕೆ ಹೊರಟೆವು. ಅತ್ತೆಯನ್ನು ಗೇತೊ ಮಾವ ನೋಡಿಕೊಳ್ಳುವುದು, ಗೇತೊ ಮಾವನನ್ನು ಅತ್ತೆ ನೋಡಿಕೊಳ್ಳುವುದು ಅಂತ ತೀರ್ಮಾನವಾಯಿತು. ಗ್ರಾಜ್‌ನವರ ಚೀಲಗಳನ್ನು ನಮ್ಮ ಕುದುರೆ ಹೊತ್ತಿತ್ತು. ಅದರ ಹೆಸರು ಮಂತ್ರಿ. ಮೇಯುತ್ತದೆ, ನಿಂತಲ್ಲೇ ನಿದ್ದೆ ಹೊಡೆಯುತ್ತದೆ, ಕೆಲಸ ಅಂದರೆ ಕಿವಿ ಹಿಂದಕ್ಕೆ ಮಡಚುತ್ತದೆ.

ಲುಲಾಷ್‌ನ ಕೆಲಸವನ್ನು ನಾನು ಕಣ್ಣಾರೆ ನೋಡಿದ್ದು ಅವತ್ತೇ ಮೊದಲು. ಮನೆಯಲ್ಲಿ ಕಾಲುಚೀಲ ಹುಡುಕಲಾಗದ ಮನುಷ್ಯ ಕಾಡಿನಲ್ಲಿ ಬೇರೆಯೇ. ಯಾರ ಉಸಿರು ಎಲ್ಲಿ ಕಟ್ಟುತ್ತದೆ ಅಂತ ಅವರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ಬೀಚ್ ಮರಗಳ ನಡುವೆ ಒಂದು ಕಡೆ ನಿಂತು ಕಲ್ಲೆತ್ತಿದ, ಅಡಿಯಲ್ಲಿ ಸಣ್ಣ ಒರತೆ ಇತ್ತು. ನನಗೆ ಮೊದಲು ಕುಡಿಯಲು ಕೊಟ್ಟ. ಪ್ರತಿ ತಿರುವಿಗೂ ಒಂದು ಕಥೆ ಇಟ್ಟಿದ್ದಾನೆ. ಇಲ್ಲಿ ಕರಡಿ, ಅಲ್ಲಿ ಕಳ್ಳ, ಮೇಲೊಬ್ಬ ಪಾದ್ರಿ. ಹೇಳುವ ಮೊದಲು ಒಂದೇ ಎಚ್ಚರಿಕೆ: “ನಡೀತಾ ನೋಡ್ಬೇಡಿ, ನಿಂತು ನೋಡಿ. ದಾರಿ ಬಿಟ್ಟು ಬೇರೆ ಕಡೆ ನೋಡಿದವರೇ ಬೀಳೋದು.” ಅಭ್ಯಾಸಬಲದಿಂದ ನನಗೂ, “ಎಡಗಡೆ ಗಮನಿಸಿ ಮೇಡಂ,” ಅಂದ.

“ಎಡಗಡೆ ಏನಿದೆ?”

“ಅರ್ನಾಪೆನ್ ಶಿಖರ.”

“ಅದು ನಮ್ಮ ಕಕ್ಕಸಿನ ಕಿಟಕಿಯಿಂದ್ಲೂ ಕಾಣುತ್ತೆ. ಮುಂದೆ ನಡಿ.”

ಮಂಡಿ ಮೊದಲ ಎರಡು ತಾಸು ಗೊಣಗಿತು, ಆಮೇಲೆ ಬೊಬ್ಬೆ ಹಾಕಿತು, ಆಮೇಲೆ ಬೈದು ಪ್ರಯೋಜನವಿಲ್ಲ ಅಂತ ಸುಮ್ಮನಾಯಿತು. ಹನ್ನೊಂದೂವರೆಗೆ ಕತ್ತಿನ ಮೇಲೆ ನಿಂತೆ. ಅಲ್ಲಿ ಹತ್ತಾರು ಜನ ಸಾಸೇಜು ತಿನ್ನುತ್ತಿದ್ದರು. ಒಬ್ಬ ಹುಡುಗಿ ಫೋಟೋಕ್ಕೆ ಅಡ್ಡ ಬರುತ್ತೀರಿ ಅಂತ ನನ್ನನ್ನು ಪಕ್ಕಕ್ಕೆ ಸರಿಸಿದಳು. ಸರಿದು ನಿಂತು ಹಿಂದಕ್ಕೆ ನೋಡಿದೆ. ಹತ್ತೊಂಬತ್ತು ವರ್ಷ ನಾನು ನಿಂತು ಬೇಯಿಸಿದ ಅಡುಗೆಮನೆ ಬೆಂಕಿಪೊಟ್ಟಣದಷ್ಟೂ ಇರಲಿಲ್ಲ. ಮುಂದಕ್ಕೆ ನೋಡಿದೆ. ಬಿಳಿ ಕಲ್ಲಿನ ಹೊಳೆಯಂಗಳ, ಅದರ ಅಂಚಿಗೆ ಅಪ್ಪನ ಮನೆಯ ಕೆಂಪು ಮಾಡು. ಲುಲಾಷ್ ಏನೋ ಹೇಳಲು ಬಂದ. “ಬಾಯಿ ಮುಚ್ಚು,” ಅಂದೆ. ಮುಚ್ಚಿದ. ಅಷ್ಟು ಒಳ್ಳೆಯ ಗೈಡು.

ಆಗ ಹೈಕೆ ಬಂದು ನನ್ನ ಭುಜ ಮುಟ್ಟಿದಳು. ಹನ್ನೊಂದು ವರ್ಷ ಬಡಿಸಿ ಬಡಿಸಿ ನನಗೆ ಬರುವ ಜರ್ಮನ್ ಅಂದರೆ ಉಪ್ಪು, ಇನ್ನೂ ಬೇಕಾ, ಬಿಸಿನೀರು ಮುಗಿದಿದೆ, ಇಷ್ಟೇ. ಅದಕ್ಕೆ ಅವಳು ಅಭಿನಯಿಸಿ ತೋರಿಸಿದಳು. ನನ್ನ ಕಡೆ ಬೆರಳು ಮಾಡಿದಳು. ತಲೆಯ ಮೇಲೆ ಮದುಮಗಳ ಮುಸುಕು ಎಳೆದುಕೊಂಡಳು. ಲುಲಾಷ್‌ನ ಬೆನ್ನು ತಟ್ಟಿ, ಬೆನ್ನ ಮೇಲೆ ಹೊತ್ತ ಹಾಗೆ ಬಾಗಿ, ಕಾಲೆತ್ತೆತ್ತಿ ಹಿಮದಲ್ಲಿ ನಡೆದಳು. ಕೊನೆಗೆ ಮುಖ ಆಕಾಶಕ್ಕೆತ್ತಿ ತೋಳದ ಹಾಗೆ ಊಳಿಟ್ಟಳು. ಸಾಸೇಜು ತಿನ್ನುತ್ತಿದ್ದವರು ಚಪ್ಪಾಳೆ ತಟ್ಟಿದರು.

“ಇವಳೇನು ಹೇಳ್ತಿದ್ದಾಳೆ?” ಅಂತ ಕೇಳಿದೆ.

ಲುಲಾಷ್ ಮಂತ್ರಿಯ ತಡಿ ಬಿಗಿ ಮಾಡುತ್ತಿದ್ದ, ಅದು ಬಿಗಿಯಾಗಿಯೇ ಇತ್ತು. “ಅವಳ ಸ್ನೇಹಿತೆಯೊಬ್ಳು ಎರಡು ವರ್ಷದ ಹಿಂದೆ ಬಂದಿದ್ಲಂತೆ. ಅವಳು ಹೇಳಿದ್ಲಂತೆ. ಅದಕ್ಕೇ ಇವರು ನಿನ್ನನ್ನ ನೋಡೋಕೆ ಬಂದಿದ್ದಂತೆ.”

“ನನ್ನಲ್ಲಿ ನೋಡೋಂಥದ್ದು ಏನಿದೆ?”

“ಇಳೀತಾ ಹೇಳ್ತೀನಿ.”

ಆಚೆಯ ಇಳಿಜಾರು ಪೂರ್ತಿ ಸಡಿಲ ಬಿಳಿ ಕಲ್ಲು. ಲುಲಾಷ್ ಮುಂದೆ, ನಾನು ಹಿಂದೆ, ಕುದುರೆ ಹಿಡಿದು ಗ್ರಾಜ್‌ನವರು ನನ್ನ ಹಿಂದೆ.

“ಹೇಳು.”

“ಕತ್ತಿನ ಮೇಲೆ ಹೇಳೋಕೆ ಒಂದು ಕಥೆ ಬೇಕಿತ್ತು. ಕರಡಿ ಕೆಳಗೇ ಮುಗಿದುಹೋಗುತ್ತೆ. ಅದಕ್ಕೆ, ಮದುವೆ ದಿನ ನಾನು ನಿನ್ನನ್ನ ಬೆನ್ನ ಮೇಲೆ ಹೊತ್ಕೊಂಡು ಹಿಮದಲ್ಲಿ ಇಲ್ಲಿ ದಾಟಿದೆ ಅಂತ...”

“ಯಾರಿಗೆಲ್ಲ ಹೇಳಿದ್ದೀಯ?”

“ಎಲ್ಲರಿಗೂ ಏನಿಲ್ಲ. ಪೋಲೆಂಡಿನವರಿಗೆ ಹೇಳಲ್ಲ. ಅವರಿಗೆ ಪಾದ್ರಿ ಸಾಕು.”

“ತೋಳ ಎಷ್ಟು?”

“ಎರಡು.”

ನಾನು ಊರುಗೋಲನ್ನು ಕಲ್ಲಿಗೆ ಕುಟ್ಟಿದೆ.

“ಫ್ರೆಂಚರಿಗೆ ಐದು.”

“ಅಷ್ಟು ಹೊತ್ತೂ ನಾನೇನು ಮಾಡ್ತಿದ್ದೆ?”

“ನೀನು ಹಾಡ್ತಿದ್ದೆ. ನನಗೆ ಧೈರ್ಯ ಬರ್ಲಿ ಅಂತ.”

“ನಾನು ವಾಂತಿ ಮಾಡ್ತಿದ್ದೆ ಲುಲಾಷ್! ಬಾಡಿಗೆ ವ್ಯಾನಲ್ಲಿ!”

“ಅದನ್ನ ಹೇಳಿದ್ರೆ ಗ್ರಾಜ್‌ನಿಂದ ಯಾರು ಬರ್ತಾರೆ?”

ಊರುಗೋಲು ಎತ್ತಿದೆ. ಅವನು ತಪ್ಪಿಸಿಕೊಂಡು ನನ್ನ ಕಡೆ ತಿರುಗಿ, ಎರಡೂ ಕೈ ಮುಂದೆ ಚಾಚಿ, ಹಿಮ್ಮುಖವಾಗಿ ಇಳಿಯುತ್ತ ಹೇಳಿದ:

“ಕೇಳು ದ್ರಾಂದೆ. ಹೇಳಿ ಹೇಳಿ ನನಗೇ ನಿಜವಾಗಿ ಮಾಡಿದ ಹಾಗೆ ಆಗ್ಬಿಟ್ಟಿತ್ತು. ಪ್ರತಿ ಸಲ ಇಲ್ಲಿಗೆ ಬಂದ್ರೆ ಬೆನ್ನ ಮೇಲೆ ನಿನ್ನ ಭಾರ ಇದೆ ಅನ್ಸೋದು. ಮಾತು ಬಾ‌ಕಿ ಇದೆ ಅಂತ ಅನ್ಸ್ತಾನೇ ಇರ್ಲಿಲ್ಲ. ದೇವರಾಣೆ, ಕೆಟ್ಟ ಮನಸ್ಸಿಂದ ಅಲ್ಲ, ನನಗೆ ನಿಜವಾಗ್ಲೂ...”

ದಾರಿ ಬಿಟ್ಟು ಬೇರೆ ಕಡೆ ನೋಡಿದವರೇ ಬೀಳುವುದು. ಅವನ ಹಿಮ್ಮಡಿಯ ಕೆಳಗಿನ ಕಲ್ಲು ಜಾರಿತು. ಹನ್ನೊಂದು ವರ್ಷದಲ್ಲಿ ಒಬ್ಬ ಅತಿಥಿಯ ಉಗುರೂ ಮುರಿಯದಂತೆ ದಾಟಿಸಿದ ಗೈಡು, ಆಲೂಗಡ್ಡೆ ಮೂಟೆಯಂತೆ ಕೂತು, ಜಾರಿ, ಎರಡು ಆಳುದ್ದ ಕೆಳಗೆ ಹೋಗಿ ನಿಂತ. ಆಮೇಲೆ ಅವನು ಆಡಿದ ಮಾತುಗಳು ಯಾವ ಭಾಷೆಯ ಪ್ರವಾಸಿಗೂ ಕಲಿಸುವಂಥವಲ್ಲ.

“ಡಾಕ್ಟರ್! ಡಾಕ್ಟರ್!” ಅಂತ ಕೂಗಿದೆ. ಎಗೋನ್ ಓಡಿ ಬಂದ. ಗಾಬರಿಗೋ ಅಭ್ಯಾಸಕ್ಕೋ ಮೊದಲು ಲುಲಾಷ್‌ನ ಬಾಯಿ ತೆರೆಸಿ ನೋಡಿದ. “ಕಾಲು, ಕಾಲು!” ಎಂದು ನಾನು ಕೆಳಗೆ ಎಳೆದೆ. ಬಲ ಪಾದ ಆಗಲೇ ಬ್ರೆಡ್ಡಿನ ಹಾಗೆ ಉಬ್ಬುತ್ತಿತ್ತು. ಮುರಿದಿರಲಿಲ್ಲ, ಊರಲು ಮಾತ್ರ ಆಗುತ್ತಿರಲಿಲ್ಲ. ಅಣ್ಣನಿಗೆ ತಂದಿದ್ದ ಕಾಲುಚೀಲವೊಂದನ್ನು ಹರಿದು ಬಿಗಿಯಾಗಿ ಸುತ್ತಿದೆ. ಗ್ರಾಜ್‌ನವರು ತುಟಿಪಿಟಕ್ಕೆನ್ನದೆ ತಮ್ಮ ಚೀಲಗಳನ್ನು ತಾವೇ ಬೆನ್ನಿಗೇರಿಸಿಕೊಂಡರು. ಮಂತ್ರಿಯ ಮೇಲೆ ಲುಲಾಷ್‌ನನ್ನು ಹತ್ತಿಸಿದೆವು. ಮಂತ್ರಿ ಕಿವಿ ಮಡಚಿತು.

“ನಾನು ಹಗ್ಗ ಹಿಡ್ಕೊಂಡು ಮುಂದೆ ನಡೀತೀನಿ,” ಅಂದೆ.

“ನೀನಾ? ನಿನ್ನ ಮಂಡಿ...”

“ನನ್ನದೊಂದು ನಿನ್ನದೊಂದು. ನನ್ನದು ಇನ್ನೂ ನಿಂತಿದೆ.”

ನಾಲ್ಕು ತಾಸು ಇಳಿದೆ. ಕೆಂಪು ಬಿಳಿ ಪಟ್ಟೆ ನೋಡಿಕೊಂಡು ನಡೆಯುವುದು ಅಷ್ಟೇ, ವಿತೋರೆ ಹೇಳಿದ್ದು ಸರಿ. ಎದುರಿಗೆ ಹತ್ತಿ ಬರುತ್ತಿದ್ದ ಗೈಡುಗಳೆಲ್ಲ ಅವನ ಪರಿಚಯದವರು. “ಏನೋ ಲುಲಾಷ್, ಈ ಸಲ ಮದುಮಗಳೇ ನಿನ್ನನ್ನ ಹೊತ್ಕೊಂಡು ಹೊರಟ್ಲಾ? ತೋಳ ಎಲ್ಲಿ?” ಅಂತ ಒಬ್ಬ ಕೇಳಿದ. ಅಂದರೆ ಕಥೆ ನನಗೊಬ್ಬಳಿಗೆ ಬಿಟ್ಟು ಬೆಟ್ಟಕ್ಕೆಲ್ಲ ಗೊತ್ತಿತ್ತು.

ಹೊಳೆಯಂಗಳ ಮುಗಿದು ಕೊನೆಯ ತಿರುವು ಬಂತು. ಅದರಾಚೆ ಅಣ್ಣನ ಗೇಟು. ಗೇಟಿನ ಪಕ್ಕದ ಕಲ್ಲುಗೋಡೆಯ ಮೇಲೆ ಅಮ್ಮ ಕೂತಿದ್ದಳು. ಮೇಲಿನಿಂದ ಯಾರೋ ಫೋನು ಮಾಡಿ ಸುದ್ದಿ ಮುಟ್ಟಿಸಿದ್ದರು. ನನ್ನಮ್ಮ ಹದಿನಾಲ್ಕು ವರ್ಷದಿಂದ ಪ್ರತಿ ಅಕ್ಟೋಬರಿಗೆ ಸಾಯುತ್ತೇನೆ ಅಂತ ಹೇಳಿ ಸಾಯದೇ ಉಳಿದವಳು, ಕಣ್ಣು ಹದ್ದಿನದು.

“ದ್ರಾಂದೆ, ನಿಲ್ಸು,” ಅಂದ ಲುಲಾಷ್ ಮೆಲ್ಲಗೆ. “ನನ್ನನ್ನ ಇಳಿಸು. ಇಲ್ಲಿಂದ ಐವತ್ತು ಹೆಜ್ಜೆ. ನಾನೇ ಮುಂದೆ ನಡೀತೀನಿ.”

“ಯಾಕೆ, ಅವರಿಗೆ ತೋರಿಸೋಕಾ?”

“ತೋರಿಸೋಕಲ್ಲ. ಅವರೆಲ್ಲ ನೋಡಿಯಾಯ್ತು, ಇನ್ನೇನು ತೋರಿಸ್ಲಿ?” ಅವನ ಮುಖದಲ್ಲಿ ಗೈಡಿನ ನಗು ಇರಲಿಲ್ಲ. “ಕಥೆ ಬೇಡ. ಒಂದ್ಸಲ ನಿಜವಾಗಿ ಮಾಡ್ತೀನಿ. ಕತ್ತಿನವರೆಗೂ ಮುಂದೆ ನಡೆದಿದ್ದೀನಲ್ಲ. ಇದಿಷ್ಟು ಬಿಡು ನನಗೆ.”

ಬಿಡದೇ ಇರಬಹುದಿತ್ತು. ಇಳಿಸಿದೆ. ಊರುಗೋಲು ಕೊಟ್ಟೆ. ಹಗ್ಗವನ್ನೂ ಅವನ ಕೈಗೇ ಕೊಟ್ಟು, ಕುದುರೆಯ ಹಿಂದೆ ಹೋಗಿ ನಿಂತೆ.

ಅವನು ನಡೆದ. ಮೊದಲ ಹತ್ತು ಹೆಜ್ಜೆ ಚೆನ್ನಾಗಿಯೇ ನಡೆದ, ಹಲ್ಲು ಕಚ್ಚಿದ ಸದ್ದು ನನಗೆ ಕೇಳಿಸುತ್ತಿತ್ತು. ಇಪ್ಪತ್ತಕ್ಕೆ ಅಂಗಿ ಒದ್ದೆಯಾಯಿತು. ಮೂವತ್ತಕ್ಕೆ ಹೈಕೆ ಅಳತೊಡಗಿದಳು, ಎಗೋನ್ ವಿಡಿಯೋ ನಿಲ್ಲಿಸಿದ. ಅಣ್ಣ ಗೇಟಿನಿಂದ ಓಡಿ ಬರಲು ಹೊರಟ. ಅಮ್ಮ ಕೈ ಅಡ್ಡ ಹಿಡಿದು ಅವನನ್ನು ನಿಲ್ಲಿಸಿದಳು. ಹತ್ತೊಂಬತ್ತು ವರ್ಷದ ಹಿಂದಿನ ಮಾತು ಅವಳಿಗೂ ಗೊತ್ತು. ಮೂವತ್ತೈದನೆಯ ಹೆಜ್ಜೆಗೆ ಲುಲಾಷ್ ನಿಂತ. ಮುಂದಿನದಕ್ಕೆ ಕಾಲೆತ್ತಿದ, ಊರಿದ, ಕಾಲು ಮಡಚಿಕೊಂಡಿತು. ರಸ್ತೆಯ ನಡುವೆ ಕೂತುಬಿಟ್ಟ.

“ಆಗಲ್ಲ,” ಅಂದ.

ಒಂದು ಗಳಿಗೆ ಅವನ ಪಕ್ಕ ನಿಂತೆ. ತಲೆಯ ಮೇಲೆ ಕೈ ಇಟ್ಟೆ, ಕೂದಲೊಳಗೆ ಕಲ್ಲಿನ ಹುಡಿ ಇತ್ತು. ಆಮೇಲೆ ಅವನನ್ನು ದಾಟಿ ನಡೆದು ಗೇಟಿನ ಮುಂದೆ ನಿಂತು ಕೂಗಿದೆ: “ಓ ಮನೆ ಯಜಮಾನಾ! ಅತಿಥಿಗಳನ್ನ ಒಳಗೆ ಕರ್ಕೊಳ್ತೀಯಾ? ನಾಲ್ಕು ಜನ, ಒಂದು ಕುದುರೆ. ಒಬ್ಬ ರಸ್ತೆಯಲ್ಲಿ ಕೂತಿದ್ದಾನೆ.”

ಅಣ್ಣ ಅವನನ್ನು ಎತ್ತಿಕೊಂಡು ಬಂದು ಒಲೆಯ ಪಕ್ಕ ಕೂರಿಸಿದ. ನಾನು ಹೊಸ ಬಚ್ಚಲುಮನೆಗೆ ಹೋಗಿ ಮುಖ ತೊಳೆದುಕೊಂಡೆ. ಅಂಥದ್ದೇನಿಲ್ಲ, ನಲ್ಲಿ ಸೋರುತ್ತದೆ. ಹೊರಗೆ ಬಂದಾಗ ಅಮ್ಮ ಕಾಫಿ ಕಾಯಿಸಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಎಗೋನ್‌ಗೆ ಕೊಟ್ಟೆ, ಹೈಕೆಗೆ ಕೊಟ್ಟೆ, ಅಣ್ಣನಿಗೆ ಕೊಟ್ಟೆ. ಸಕ್ಕರೆ ಸರಿಯಾಗಿತ್ತು. ಲುಲಾಷ್‌ನ ಮುಂದೆ ಬಂದು, ಗೋಡೆ ಹಿಡಿದುಕೊಂಡು, ನನ್ನ ಎಡ ಮಂಡಿಯನ್ನು ಎಷ್ಟು ಎತ್ತಲಾಗುತ್ತದೋ ಅಷ್ಟು ಎತ್ತಿದೆ. ಜಾಸ್ತಿ ಏಳಲಿಲ್ಲ. ಬಟ್ಟಲು ಹಾದುಹೋಗುವಷ್ಟು ಜಾಗವಿತ್ತು.

ಅವನು ಎರಡೂ ಕೈಯಿಂದ ತೆಗೆದುಕೊಂಡು ಕುಡಿದ.

ಅಪ್ಪನ ಮನೆ ಬಾಗಿಲವರೆಗೆ ಮುಂದೆ ನಡೆದು ಕರೆದುಕೊಂಡು ಹೋಗುತ್ತೇನೆ ಅಂದಿದ್ದ. ಹದಿನೈದು ಹೆಜ್ಜೆ ಬಾಕಿ ಇತ್ತು. ಮಾತು ತಪ್ಪಿದ.